ಕಪ್ಪು-ಬಿಳುಪಿನಲ್ಲಿ ಉಳಿದ ಗುಡಿ

ಸಿಂದಗಿ ತಾಲೂಕಿನ ಒಂದು ಗ್ರಾಮಕ್ಕೆ ಪುರಾಣ ಹೇಳಲು ಹೋಗಿದ್ದಾಗ ನಡೆದ ಸಂಗತಿಯಿದು. ಊರ ಹಿರಿಯ ಗುಡಿಯ ಕರಿಗಲ್ಲಿನ ಕಂಬಗಳಿಗೆ ಸದ್ಭಕ್ತರು ಹಸಿರು, ಹಳದಿ ಎಣ್ಣೆಬಣ್ಣ ಬಳಿಸಿದ್ದರು. ಒಂದು ಕಂಬದ ಮೇಲೆ ಅಕ್ಷರಗಳಿರುವುದು ಬೆರಳಿಗೆ ತಾಗುತ್ತಿತ್ತೇ ಹೊರತು ಕಣ್ಣಿಗೆ ಕಾಣುತ್ತಿರಲಿಲ್ಲ. ಅಂದು ನಮ್ಮನ್ನು ಪ್ರಸಾದಕ್ಕೆ ಕರೆದಿದ್ದ ಮನೆಯ ಅಜ್ಜಿಯವರು ಪಡಸಾಲೆಯ ಗೋಡೆಯಿಂದ ಕಟ್ಟು ಹಾಕಿಸಿದ ಛಾಯಾಚಿತ್ರವೊಂದನ್ನು ಇಳಿಸಿ, “ನೋಡ್ರಿ ಶಾಸ್ತ್ರಿಗಳ, ನಮ್ಮ ಗುಡಿ ಮೊದಲ ಹಿಂಗಿತ್ತು” ಎಂದರು. ಅದು ಅವರ ಮದುವೆಯ ಚಿತ್ರ. ಕಂದು ಬಣ್ಣಕ್ಕೆ ತಿರುಗಿದ ಆ ಚಿತ್ರದಲ್ಲಿ ವಧೂವರರ ಹಿಂದೆ ಅದೇ ಕಂಬ, ಅದರ ಮೇಲೆ ಶಾಸನ! ಮೇಲಿನ ಎರಡು ಸಾಲುಗಳನ್ನು ಓದಬಹುದಾಗಿತ್ತು. ಉಳಿದವನ್ನು ವರಮಹಾಶಯರ ರುಮಾಲು ಮರೆಮಾಡಿತ್ತು.

ನಮ್ಮ ಸೀಮೆಯ ಕಟ್ಟಡಗಳನ್ನು ಹೀಗೆ ಚಿತ್ರದಲ್ಲಿ ಹಿಡಿದಿಡುವ ಕಾರ್ಯ ಹೊಸದಲ್ಲ. 1855ರಲ್ಲಿ ಬಿಗ್ಸ್ ಎಂಬ ಸೇನಾಧಿಕಾರಿ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಛಾಯಾಚಿತ್ರ ತೆಗೆದರು. ಮೆಡೋಸ್ ಟೇಲರ್ ಹಾಗೂ ಫರ್ಗ್ಯುಸನ್ ಇವರ ಬರಹದೊಂದಿಗೆ ಬಿಜಾಪುರದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಬೆಳಕು ಕಂಡವು. 1916ರಲ್ಲಿ ಹೆನ್ರಿ ಕಸಿನ್ಸ್ ಬಿಜಾಪುರದ ವಾಸ್ತುವನ್ನು ಕುರಿತು ದೊಡ್ಡ ಗ್ರಂಥವನ್ನೇ ಹೊರತಂದರು. ಪಟ್ಟಣದ ಗುಂಬಜಗಳಿಗೆ ದೊರೆತ ಈ ಭಾಗ್ಯ ಹಳ್ಳಿಯ ಗುಡಿ, ಮಠ, ಅಗಸಿಗಳಿಗೆ ಅಷ್ಟಾಗಿ ದೊರೆಯಲಿಲ್ಲ. ಅವುಗಳ ಚಿತ್ರವಿದ್ದರೆ ಅದು ನಿಮ್ಮ ಮನೆಗಳಲ್ಲಿ, ಮದುವೆ ಜಾತ್ರೆಗಳ ಚಿತ್ರದ ಹಿನ್ನೆಲೆಯಲ್ಲಿ ಮಾತ್ರ.

ಕಂದುಬಣ್ಣವನ್ನು ಕಂಡು ಹಾಳಾದ ಚಿತ್ರವೆಂದು ಬಿಸುಡಬಾರದು. ಕಪ್ಪು-ಬಿಳುಪು ಚಿತ್ರದಲ್ಲಿರುವುದು ಬೆಳ್ಳಿಯ ಕಣ. ಅದನ್ನು ಗಂಧಕದ ದ್ರಾವಣದಲ್ಲಿ ಅದ್ದಿದರೆ ಕಂದಾಗಿ ಹೆಚ್ಚು ಬಾಳುತ್ತದೆ. ಸೆಪಿಯಾ ಎಂದು ಸ್ಟುಡಿಯೋದವರು ಬೇಕೆಂದೇ ಹಾಗೆ ಮಾಡುತ್ತಿದ್ದರು. ಸರಿಯಾಗಿ ತೊಳೆಯದೆ ಕಂದಾದುದು ಬೇರೆ, ಅದು ಮಾಸುತ್ತ ಹೋಗುತ್ತದೆ. ಇನ್ನೊಂದು ಮಾತು: ಬಹಳ ಹಳೆಯ ಫಲಕಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಆದ್ದರಿಂದ ಆ ಕಾಲದ ಚಿತ್ರಗಳಲ್ಲಿ ಗುರುಗಳ ಕಾವಿ ಕಪ್ಪಾಗಿ ತೋರುತ್ತದೆ. ಕಂಡು ತಪ್ಪು ತಿಳಿಯಬಾರದು.

ಈಗ ಮನೆಮನೆಯಲ್ಲಿ ಮೊಬೈಲ್ ಇದೆ. ಬಣ್ಣದಲ್ಲಿಯೇ ತೆಗೆಯಿರಿ, ಮೂಲವನ್ನು ಕಾಯ್ದಿಡಿರಿ, ಪ್ರತಿಯೊಂದನ್ನು ಕಪ್ಪು-ಬಿಳುಪಿಗೆ ತಿರುಗಿಸಿರಿ. ಬಣ್ಣದ ಗದ್ದಲ ಅಡಗಿದಾಗ ಕಲ್ಲಿನ ಕೆತ್ತನೆ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಬೇಡ, ಮುಂಜಾನೆ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಅಕ್ಷರದ ಪ್ರತಿಯೊಂದು ಗೀರಿಗೂ ನೆರಳು ಬೀಳುತ್ತದೆ. ಪಕ್ಕದಲ್ಲಿ ಶಾಲೆಯ ಮಕ್ಕಳ ಅಳತೆಪಟ್ಟಿಯನ್ನಿಟ್ಟರೆ ಗಾತ್ರ ತಿಳಿಯುತ್ತದೆ. ಕಾಗದದ ಚಿತ್ರವಾದರೆ ಬೆನ್ನಿಗೆ ಊರು, ದಿಕ್ಕು, ತಾರೀಖುಗಳನ್ನು ಪೆನ್ಸಿಲಿನಿಂದ ಹಗುರಾಗಿ ಬರೆಯಿರಿ.

ಒಂದು ಕಂಬದ ಬರಹಕ್ಕೆ ಎಷ್ಟು ಬೆಲೆಯೆಂಬುದನ್ನು ಇಂಡಿ ತಾಲೂಕಿನ ಸಾಲೋಟಗಿಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಅಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಾಲದಲ್ಲಿ, 945ರಲ್ಲಿ, ವಿದ್ಯಾಶಾಲೆಯೊಂದಿತ್ತೆಂದು ಇಂದು ನಾವು ಹೇಳುವುದು ಕಂಬದ ಶಾಸನದ ಬಲದಿಂದ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯಲ್ಲಂತೂ ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರಿಗೆ ಕೃಷ್ಣೆಯ ದಂಡೆಯ ಊರುಗಳು ನೆಲೆ ಬಿಟ್ಟೆದ್ದವು. ಹೊಳೆಯಾಚೆಯ ಕೂಡಲಸಂಗಮದಲ್ಲಿ ಅಣ್ಣನವರ ಐಕ್ಯಸ್ಥಳಕ್ಕೆ ಬಾವಿಯಂತೆ ಗೋಡೆ ಕಟ್ಟಿ ನೀರನ್ನು ತಡೆಯಬೇಕಾಯಿತು. ಮೊದಲಿನ ದಂಡೆಯನ್ನು ಈಗ ಚಿತ್ರದಲ್ಲಿಯೇ ನೋಡಬೇಕು.

ಅಜ್ಜಿಯವರ ಚಿತ್ರದ ಪ್ರತಿಯನ್ನು ತೆಗೆಸಿ ಗುಡಿಯ ಪಂಚರ ಕೈಗಿತ್ತೆವು. ಉತ್ಸಾಹದಿಂದ ಅವರು ಬಣ್ಣ ಕೆರೆಯಲು ತಂತಿಬ್ರಷ್ ತರಿಸಹೊರಟರು! ತಡೆದು, ಪುರಾತತ್ತ್ವ ಇಲಾಖೆಯ ಬಲ್ಲವರನ್ನು ಮೊದಲು ಕೇಳಿರೆಂದು ಹೇಳಿ ಬಂದಿದ್ದೇವೆ.