ಬಿಟಿಎಂನ ‘ಟಿ’ ಮತ್ತು ನಮ್ಮ ಪೀಜಿಯ ಕಂಬಗಳು

2020ರ ಮೇ 20ರ ಮಧ್ಯಾಹ್ನ ನೆನಪಿದೆಯಾ? ಲಾಕ್‌ಡೌನ್, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ ನಾವೆಲ್ಲ ಪುಸ್ತಕ ಮುಂದಿಟ್ಕೊಂಡು ಆಕಳಿಸ್ತಿದ್ದ ಕಾಲ. ಊಟದ ಹೊತ್ತಿಗೆ ‘ಧಡ್’ ಅಂತ ಸದ್ದು, ಕಿಟಕಿ ಗಾಜು ಗಡಗಡ. ಜಯನಗರದ ನಮ್ಮಜ್ಜಿ “ಭೂಮಿ ನಡುಗ್ತು ಕಣೋ, ಹೊರಗ್ ಬಾರೋ” ಅಂತ ಕೂಗಿ, ಸೌಟು ಹಿಡಿದುಕೊಂಡೇ ಗೇಟಿನ ಹತ್ತಿರ ಓಡಿದ್ದರು. ಅರ್ಧ ಬೆಂಗಳೂರಿಗೆ ಆ ಸದ್ದು ಕೇಳಿತ್ತು. ಯಲಹಂಕದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತನ್ನ ಭೂಕಂಪಮಾಪಕಗಳನ್ನು ನೋಡಿ ‘ಇದು ಭೂಕಂಪ ಅಲ್ಲ’ ಅಂದಿತು. ಆಮೇಲೆ ಗೊತ್ತಾಯಿತು, ಅದು ಶಬ್ದಕ್ಕಿಂತ ವೇಗವಾಗಿ ಹಾರಿದ ವಾಯುಪಡೆಯ ಪರೀಕ್ಷಾ ವಿಮಾನದ ಸದ್ದು.

ಅಷ್ಟು ಬೇಗ ‘ಅಲ್ಲ’ ಅನ್ನೋಕೆ ಹೇಗೆ ಸಾಧ್ಯ ಅಂತ ನನಗೆ ಆಗ ಅರ್ಥ ಆಗಿರಲಿಲ್ಲ. ಈಗ ನೋಡಿದರೆ ಸರಳ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಗಟ್ಟಿ ಬಂಡೆಯಲ್ಲಿ ಭೂಕಂಪದ ಮೊದಲ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಹೋಗುತ್ತೆ, ಅದರ ಹಿಂದೆ ಎರಡನೇ, ಅಡ್ಡಡ್ಡ ಅಲುಗಿಸುವ ಅಲೆ ಬರುತ್ತೆ. ನಿಜವಾದ ಭೂಕಂಪವಾದರೆ ಈ ಜೋಡಿ ಅಲೆಗಳು ಬೇರೆ ಬೇರೆ ಊರಿನ ಮಾಪಕಗಳಲ್ಲಿ ಲೆಕ್ಕಕ್ಕೆ ಸರಿಯಾಗಿ ಒಂದರ ಹಿಂದೆ ಒಂದು ಬೀಳಬೇಕು. ಬೀಳಲಿಲ್ಲ, ಮುಗೀತು.

ಅವತ್ತು ಅಜ್ಜಿಗೆ ಸಮಾಧಾನ ಹೇಳಿದ ಪಕ್ಕದ ಮನೆ ಅಂಕಲ್ ಮಾತು ಮಾತ್ರ ತಲೆಯಲ್ಲಿ ಉಳೀತು. “ಬೆಂಗಳೂರು ಬಂಡೆ ಮೇಲಿದೆ ಅಮ್ಮಾ, ಇಲ್ಲಿ ಏನೂ ಆಗಲ್ಲ.” ಈಗ ನಾನಿರೋ ಬಿಟಿಎಂ ಪೀಜಿಯ ಓನರ್ ಕೂಡ ಥೇಟ್ ಇದೇ ಮಾತು ಹೇಳ್ತಾರೆ. ಸಿವಿಲ್ ಓದ್ತಾ ಓದ್ತಾ ನನಗನ್ನಿಸಿದ್ದು, ಈ ಮಾತು ಅರ್ಧ ನಿಜ. ಇನ್ನರ್ಧದಲ್ಲೇ ಇರೋದು ನಮ್ಮ ಕಥೆ.

ನಿಜವಾದ ಅರ್ಧವನ್ನು ನೋಡಬೇಕಾದರೆ ಜಯನಗರದಿಂದ ನಡೆದುಕೊಂಡೇ ಲಾಲ್‌ಬಾಗ್‌ಗೆ ಹೋಗಿ. ಕೆಂಪೇಗೌಡರ ಗೋಪುರ ನಿಂತಿರೋ ಬಂಡೆ ಇದೆಯಲ್ಲ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಇಂಥ ಬಂಡೆಗೆ ‘ಪೆನಿನ್ಸುಲರ್ ನೈಸ್’ ಅಂತ ಹೆಸರಿಟ್ಟರು. ನಮ್ಮ ರಾಜ್ಯದ ದೊಡ್ಡ ಭಾಗದ ಅಡಿಪಾಯವೇ ಇದು. ಹಳೆಯದು, ಗಟ್ಟಿ, ಸದ್ದಿಲ್ಲದ್ದು. 1960ರ ದಶಕದಲ್ಲಿ ದೂರದ ದೇಶಗಳ ಅಣುಬಾಂಬ್ ಪರೀಕ್ಷೆಗಳನ್ನು ನೆಲದ ಮೂಲಕ ‘ಕೇಳಿಸಿಕೊಳ್ಳಲು’ ಭಾಭಾ ಅಣುಶಕ್ತಿ ಕೇಂದ್ರದವರು ಮಾಪಕಗಳ ಸಾಲನ್ನು ಕೂರಿಸಿದ್ದು ನಮ್ಮ ಪಕ್ಕದ ಗೌರಿಬಿದನೂರಿನಲ್ಲಿ. ಬಾಂಬೆಯಲ್ಲಿ ಸಮುದ್ರದ್ದೇ ಗಲಾಟೆ, ಇಲ್ಲಿಯ ನೆಲ ಮೌನಿ.

ಮೌನಿ ಅಂದರೆ ಮೂಕ ಅಲ್ಲ. 1900ರ ಕೊಯಮತ್ತೂರು ಭೂಕಂಪ, 1967ರ ಕೊಯ್ನಾ ಭೂಕಂಪ ಎರಡೂ ಬೆಂಗಳೂರಿಗೆ ತಿಳಿದಿವೆ. 1984ರಲ್ಲಿ ಹೊಸೂರಿನ ಕಡೆ ಕಂಪಿಸಿತು. 2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಐದಾರು ನಿಮಿಷದ ಅಂತರದಲ್ಲಿ 3ರ ಆಸುಪಾಸಿನ ಎರಡು ಕಂಪನ. ‘ಇಲ್ಲಿ ಆಗಲ್ಲ’ ಅನ್ನೋರಿಗೆ ಎಲ್ಲಕ್ಕಿಂತ ದೊಡ್ಡ ಉತ್ತರ ಕಿಲ್ಲಾರಿ. ನಮ್ಮ ಬೀದರ್, ಕಲಬುರಗಿಗೆ ಹತ್ತಿರದ ಊರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2ರ ಭೂಕಂಪ ಬಂದಾಗ ಸತ್ತವರು ಎಂಟು ಸಾವಿರಕ್ಕೂ ಹತ್ತು ಸಾವಿರಕ್ಕೂ ನಡುವೆ. ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ವಲಯ 1ರಲ್ಲಿ, ಅಂದರೆ ಅತ್ಯಂತ ಸುರಕ್ಷಿತ ಅನ್ನೋ ಬಣ್ಣದಲ್ಲಿ. ಆಮೇಲೆ 2002ರಲ್ಲಿ ವಲಯ 1 ಅನ್ನೋದನ್ನೇ ತೆಗೆದುಬಿಟ್ಟರು. ಬೆಂಗಳೂರು ಐಎಸ್ 1893ರ 2016ರ ಆವೃತ್ತಿಯಲ್ಲಿ ವಲಯ 2, ಆ ನಕ್ಷೆಯ ಕೊನೆಯ ಬೆಂಚು.

ನಮ್ಮ ಊರಿನ ಮೇಲೆ ಈ ವಿಷಯದಲ್ಲಿ ನಡೆದ ದೊಡ್ಡ ಕೆಲಸ ಐಐಎಸ್‌ಸಿಯದು. ಸಿವಿಲ್ ವಿಭಾಗದ ಸೀತಾರಾಂ ಮತ್ತು ಅನ್ಬಳಗನ್ ಸೇರಿ, ಹಳೆಯ ಮಹಾನಗರ ಪಾಲಿಕೆಯ 220 ಚದರ ಕಿಲೋಮೀಟರ್ ಜಾಗವನ್ನು ತುಂಡು ತುಂಡಾಗಿ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಇದಕ್ಕೆ ಸೂಕ್ಷ್ಮವಲಯೀಕರಣ ಅಂತಾರೆ. ಇಡೀ ಊರಿಗೆ ಒಂದೇ ಬಣ್ಣ ಬಳಿಯೋ ಬದಲು ಯಾವ ಬಡಾವಣೆಯ ನೆಲ ಹೇಗೆ ಕುಣಿಯುತ್ತೆ ಅಂತ ನೋಡೋದು. ವಿಧಾನ ಕೇಳಿದರೆ ನಗು ಬರಬಹುದು. ನೆಲದ ಮೇಲೆ ಒಂದು ಲೋಹದ ಪ್ಲೇಟ್ ಇಟ್ಟು ದೊಡ್ಡ ಸುತ್ತಿಗೆಯಿಂದ ಬಾರಿಸ್ತಾರೆ. ಸಾಲಾಗಿ ನೆಟ್ಟ 24 ಜಿಯೋಫೋನ್‌ಗಳು ಆ ಏಟಿನ ಅಲೆ ಬಂದ ಹೊತ್ತನ್ನು ಬರೆದುಕೊಳ್ತವೆ. ಅಲೆಯ ವೇಗದಿಂದ ಕೆಳಗಿನ ಮಣ್ಣಿನ ಪದರಗಳು ಎಷ್ಟು ಬಿಗಿ ಅಂತ ಗೊತ್ತಾಗುತ್ತೆ. ಇದರ ಜೊತೆಗೆ ಊರಲ್ಲಿ ಈಗಾಗಲೇ ಕೊರೆದಿದ್ದ ನೂರಾರು ಮಣ್ಣುಪರೀಕ್ಷೆ ಗುಂಡಿಗಳ ದಾಖಲೆಯನ್ನೂ ಹುಡುಕಿ ಸೇರಿಸಿದರು. ನನಗೆ ಕೇಳಿದರೆ ಸುತ್ತಿಗೆ ಹೊಡೆಯೋದಕ್ಕಿಂತ ಹಳೇ ಫೈಲು ಹುಡುಕಿದ್ದೇ ಕಷ್ಟದ ಕೆಲಸ.

ಅವರ ಲೆಕ್ಕದಲ್ಲಿ ಬೆಂಗಳೂರಿಗೆ ಹೆಚ್ಚು ತೊಂದರೆ ಕೊಡಬಲ್ಲದ್ದು ಮಂಡ್ಯ–ಚನ್ನಪಟ್ಟಣ–ಬೆಂಗಳೂರು ರೇಖೆ. ರೇಖೆ ಅಂದರೆ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಉದ್ದಕ್ಕೆ ಕಾಣೋ ಗೆರೆ. ಅದರ ಕೆಳಗೆ ಬಿರುಕು ಇರಬಹುದು, ಅದು ಮಿಸುಕಲೇಬೇಕು ಅಂತೇನಿಲ್ಲ. ಮಿಸುಕಿದರೆ ಅತಿ ಹೆಚ್ಚೆಂದರೆ 5.1, ಆಗ ಬಂಡೆಯ ಮಟ್ಟದಲ್ಲಿ ಗರಿಷ್ಠ ವೇಗೋತ್ಕರ್ಷ ಸುಮಾರು 0.15 ಜಿ ಅಂತ ಅಂದಾಜು. 5.1 ಕೇಳೋಕೆ ಚಿಕ್ಕದು, ಆದರೆ ಚಿಕ್ಕಬಳ್ಳಾಪುರದ 3.0ಕ್ಕೆ ಹೋಲಿಸಿದರೆ ಅದರ ಶಕ್ತಿ ಸುಮಾರು 1400 ಪಟ್ಟು. ಇನ್ನು 0.15 ಜಿ ಅನ್ನೋದು, 2016ರ ಸಂಹಿತೆ ವಲಯ 2ಕ್ಕೆ ಕೊಟ್ಟಿರೋ 0.10ಕ್ಕಿಂತ ಜಾಸ್ತಿ. ಇದು ಆಗಬಹುದಾದ ಕೆಟ್ಟ ಸಂದರ್ಭದ ಲೆಕ್ಕ, ನಾಳೆ ಆಗುತ್ತೆ ಅನ್ನೋ ಭವಿಷ್ಯ ಅಲ್ಲ.

ಈಗ ಬಿಟಿಎಂಗೆ ಬರೋಣ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಮಧ್ಯದ ಹೆಸರಲ್ಲೇ ಕೆರೆ ಕೂತಿದೆ. ಮಡಿವಾಳದ್ದು ಇನ್ನೂ ಇದೆ, ಜೆಪಿ ನಗರದ ಕಡೆ ಸಾರಕ್ಕಿ, ಪುಟ್ಟೇನಹಳ್ಳಿ ಉಳಿದುಕೊಂಡಿವೆ. ಹೋದದ್ದೇ ಹೆಚ್ಚು. ಮೆಜೆಸ್ಟಿಕ್ ಬಸ್ ನಿಲ್ದಾಣದ ಕೆಳಗೆ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆಯಲ್ಲಿ, ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ. ಐಐಎಸ್‌ಸಿ ಅಧ್ಯಯನವೇ ಹೇಳೋ ಹಾಗೆ, ಅವರ 220 ಚದರ ಕಿಲೋಮೀಟರಿನಲ್ಲಿ ಒಂದು ಕಾಲಕ್ಕೆ 150ಕ್ಕೂ ಹೆಚ್ಚು ಕೆರೆಗಳಿದ್ದವು, ಆ ಹೊತ್ತಿಗೆ ಉಳಿದದ್ದು 64. ಬತ್ತಿದ ಕೆರೆಯಂಗಳದ ಸಡಿಲ ಹೂಳಿನ ಮೇಲೆ ಮನೆಗಳು ಎದ್ದಿವೆ. ಅಂಕಲ್ ಹೇಳಿದ ಬಂಡೆ ಇದೆ, ಆದರೆ ಮನೆ ನಿಂತಿರೋದು ಅದರ ಮೇಲಿನ ಮಣ್ಣಿನ ಮೇಲೆ.

ಮಣ್ಣು ಮಾಡೋ ಕಿತಾಪತಿ ಏನು ಅಂದರೆ, ಬಂಡೆಯಿಂದ ಬಂದ ಅಲೆಯಲ್ಲಿ ತನಗೆ ಇಷ್ಟವಾದ ಲಯವನ್ನು ಆರಿಸಿಕೊಂಡು ದೊಡ್ಡದು ಮಾಡುತ್ತೆ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರದಲ್ಲಿ ಆಗಿದ್ದು ಇದೇ. ಭೂಕಂಪ ಹುಟ್ಟಿದ್ದು 350 ಕಿಲೋಮೀಟರಿಗೂ ದೂರದ ಕರಾವಳಿಯಲ್ಲಿ. ನಗರದ ಮಧ್ಯಭಾಗ ಕೂತಿದ್ದು ಹಳೆಯ ಟೆಕ್ಸ್‌ಕೊಕೊ ಕೆರೆಯ ಜೇಡಿಮಣ್ಣಿನ ಮೇಲೆ. ಆ ಮಣ್ಣು ಎರಡು ಸೆಕೆಂಡಿಗೊಮ್ಮೆ ತೂಗಾಡಿತು. ಅದೇ ಲಯದ ಹತ್ತಿರ ಇದ್ದ ಆರರಿಂದ ಹದಿನೈದು ಅಂತಸ್ತಿನ ಕಟ್ಟಡಗಳು ಉದುರಿದವು, ಪಕ್ಕದಲ್ಲೇ ಇದ್ದ ಗಿಡ್ಡ ಹಳೇ ಕಟ್ಟಡಗಳು ಹೆಚ್ಚಿನವು ನಿಂತೇ ಇದ್ದವು. ನಮ್ಮಲ್ಲಿ ಅಷ್ಟು ಆಳದ, ಅಷ್ಟು ಮೆತ್ತನೆಯ ಜೇಡಿ ಇಲ್ಲ, ಆದ್ದರಿಂದ ಮೆಕ್ಸಿಕೋ ಕಥೆಯನ್ನು ಹಾಗೇ ತಂದು ಇಲ್ಲಿ ಅಂಟಿಸೋದು ತಪ್ಪು. ಆದರೆ ಭೌತಶಾಸ್ತ್ರ ಅದೇ.

ಕ್ಯಾಲ್ಕುಲೇಟರ್ ತೆಗೀರಿ. ಮಣ್ಣಿನ ಪದರದ ಸಹಜ ಅವಧಿ ಅಂದರೆ ದಪ್ಪದ ನಾಲ್ಕು ಪಟ್ಟನ್ನು ಅಡ್ಡ ಅಲೆಯ ವೇಗದಿಂದ ಭಾಗಿಸಿದ್ದು. ದಪ್ಪ 15 ಮೀಟರ್, ವೇಗ ಸೆಕೆಂಡಿಗೆ 200 ಮೀಟರ್ ಅಂದ್ಕೊಳ್ಳಿ. 60 ಭಾಗಿಸು 200, ಅಂದರೆ 0.3 ಸೆಕೆಂಡ್. ಆವರ್ತನ ಸುಮಾರು 3.3 ಹರ್ಟ್ಸ್. ಬೆಂಗಳೂರಿನ ಮಣ್ಣಿಗೆ ಐಐಎಸ್‌ಸಿಯವರು ಕಂಡದ್ದು 3ರಿಂದ 12 ಹರ್ಟ್ಸ್, ಹಾಗಾಗಿ ನಮ್ಮ ಊಹೆ ತೀರಾ ಗಾಳಿಗುದ್ದಿಲ್ಲ. ಈಗ ಕಟ್ಟಡ. 30×40 ಸೈಟು, ಕೆಳಗೆ ಪಾರ್ಕಿಂಗ್, ಮೇಲೆ ಮೂರು ಅಂತಸ್ತು, ಎತ್ತರ 12 ಮೀಟರ್, ಉದ್ದ 40 ಅಡಿ ಅಂದರೆ 12 ಮೀಟರ್. (ಸೆಟ್‌ಬ್ಯಾಕ್ ಕಳೀಬೇಕಲ್ವಾ ಅಂತ ಕೇಳಬೇಡಿ, ಬಿಟಿಎಂ ನೋಡಿದ್ದೀರಿ ತಾನೆ.) ಗೋಡೆ ತುಂಬಿದ ಕಾಂಕ್ರೀಟ್ ಕಟ್ಟಡಕ್ಕೆ ಸಂಹಿತೆಯ ಸೂತ್ರ: 0.09 ಗುಣಿಸು ಎತ್ತರ, ಭಾಗಿಸು ಉದ್ದದ ವರ್ಗಮೂಲ. 0.31 ಸೆಕೆಂಡ್ ಬರುತ್ತೆ.

0.30 ಮತ್ತು 0.31. ಮೊದಲ ಸಲ ಮಾಡಿದಾಗ ನಾನು ಎರಡು ಸಲ ತಾಳೆ ನೋಡಿದೆ.

ಹೌದು, ಮಣ್ಣಿನ ದಪ್ಪ ಬದಲಾದರೆ ಉತ್ತರ ಬದಲಾಗುತ್ತೆ. ಆ ಸೂತ್ರ ಎಲ್ಲ ಅಂತಸ್ತಿನಲ್ಲೂ ಗೋಡೆ ಇದೆ ಅಂತ ಭಾವಿಸುತ್ತೆ, ನಮ್ಮ ಪೀಜಿಯ ಕೆಳಗಡೆ ಗೋಡೆಯೇ ಇಲ್ಲ, ಬರೀ ಕಂಬ ಮತ್ತು ಹದಿನೆಂಟು ಸ್ಕೂಟರ್. ಅಸಲಿ ಭಯ ಇರೋದೂ ಅಲ್ಲೇ. ಬೆಂಕಿಪೊಟ್ಟಣವನ್ನು ನಾಲ್ಕು ಕಡ್ಡಿಗಳ ಮೇಲೆ ನಿಲ್ಲಿಸಿ ಮೇಜು ಅಲುಗಿಸಿ ನೋಡಿ. ಪೊಟ್ಟಣಕ್ಕೆ ಏನೂ ಆಗಲ್ಲ, ವಾಲೋದೆಲ್ಲ ಕಡ್ಡಿಗಳೇ. ಮೇಲಿನ ಅಂತಸ್ತುಗಳು ಇಟ್ಟಿಗೆ ಗೋಡೆಯಿಂದ ಬಿಗಿಯಾಗಿ ಒಂದೇ ಪೆಟ್ಟಿಗೆಯ ಹಾಗೆ ಓಡಾಡ್ತವೆ, ಅಲುಗಾಟವೆಲ್ಲ ಪಾರ್ಕಿಂಗ್ ಕಂಬಗಳ ಪಾಲಿಗೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ 200 ಕಿಲೋಮೀಟರಿಗೂ ದೂರದ ಅಹಮದಾಬಾದ್‌ನಲ್ಲಿ ಬಿದ್ದ ಅಪಾರ್ಟ್‌ಮೆಂಟ್‌ಗಳಲ್ಲಿ ಬಹಳಷ್ಟು ಹೀಗೆ ಕಂಬದ ಮೇಲೆ ನಿಂತವು. ಮರುವರ್ಷದ ಐಎಸ್ 1893, ಇಂಥ ಅಂತಸ್ತಿನ ಕಂಬ, ಬೀಮುಗಳನ್ನು ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸ ಮಾಡಿ ಅಂತ ಬರೆಯಿತು.

ಸಂಹಿತೆ ಕೇಳೋದು ದೊಡ್ಡದೇನೂ ಅಲ್ಲ. ವಲಯ 2ರಲ್ಲಿ ಸಾಧಾರಣ ಕಾಂಕ್ರೀಟ್ ಚೌಕಟ್ಟಿಗೆ ಝಡ್ 0.10, ಆರ್ 3, ರೋಹಿತದ ಗರಿಷ್ಠ 2.5 ಹಾಕಿದರೆ ತೂಕದ ಸುಮಾರು ಶೇಕಡ 4 ಅಡ್ಡ ಬಲ ಬರುತ್ತೆ. ಕಟ್ಟಡ 500 ಟನ್ ಅಂದರೆ 21 ಟನ್. ಆದರೆ ಆ ‘ಆರ್ 3’ ಸುಮ್ಮನೆ ಸಿಗೋ ರಿಯಾಯಿತಿ ಅಲ್ಲ. ಕಂಬ ಬಾಗಿದರೂ ಪುಡಿಯಾಗದೆ ನಿಲ್ಲುತ್ತೆ ಅನ್ನೋ ನಂಬಿಕೆಯ ಮೇಲೆ ಕೊಟ್ಟದ್ದು. ಹಾಗೆ ನಿಲ್ಲಿಸೋದು ರಿಂಗು. ರಿಂಗಿನ ತುದಿಯನ್ನು 135 ಡಿಗ್ರಿ ಒಳಗೆ ಬಗ್ಗಿಸಿದರೆ ಕಾಂಕ್ರೀಟಿನ ಹೊರಪದರ ಉದುರಿದರೂ ಅದು ಹಿಡಿದುಕೊಳ್ಳುತ್ತೆ, 90 ಡಿಗ್ರಿಗೆ ನಿಲ್ಲಿಸಿದರೆ ಬಿಚ್ಚಿಕೊಳ್ಳುತ್ತೆ. ಇದನ್ನೆಲ್ಲ ಹೇಳೋ ಐಎಸ್ 13920ರ 2016ರ ಆವೃತ್ತಿ ಕಡ್ಡಾಯ ಇರೋದು ವಲಯ 3ರಿಂದ ಮೇಲಕ್ಕೆ. ಬೆಂಗಳೂರಿಗೆ ಇಲ್ಲ.

ಪೀಜಿ ಪಕ್ಕದ ಸೈಟಿನಲ್ಲಿ ಹೊಸ ಬಿಲ್ಡಿಂಗ್ ಏಳ್ತಿದೆ. ರಾಯಚೂರು ಕಡೆಯ ಬಾರ್‌ಬೆಂಡರ್ ಅಣ್ಣನ ಹತ್ತಿರ ಹೋಗಿ, ತುದಿ ಯಾಕೆ ಪೂರ್ತಿ ಬಗ್ಗಿಸಲ್ಲ ಅಂತ ಕೇಳಿದೆ. “ಬಗ್ಗಸಾಕ ನಂಗೇನು ಬರಂಗಿಲ್ಲಂತ ತಿಳದೀರೇನ್ರಿ? ಪೂರಾ ಬಗ್ಗಿಸಿದ್ರ ಸರಳಿಗೆ ಹಾಕೂದು ತಡ ಆಗ್ತದ. ಮೇಸ್ತ್ರಿ ಬೈತಾನ” ಅಂದರು. ಒಂದು ರಿಂಗ್ ಪೂರ್ತಿ ಬಗ್ಗಿಸಿ ತೋರಿಸಿದರು ಕೂಡ. ನಾಲ್ಕೈದು ಸೆಕೆಂಡ್ ಹೆಚ್ಚಾಯಿತು, ಅಷ್ಟೆ.

ಭೂಕಂಪವೇ ಬೇಕು ಅಂತಲೂ ಇಲ್ಲ. 2021ರ ಸೆಪ್ಟೆಂಬರ್ 27ರಂದು ಲಕ್ಕಸಂದ್ರದಲ್ಲಿ ಒಂದು ಹಳೇ ಕಟ್ಟಡ ತಾನಾಗಿಯೇ ಕುಸಿಯಿತು. ಒಳಗಿದ್ದವರು ಮೊದಲೇ ಹೊರಬಂದಿದ್ದರಿಂದ ಜೀವ ಉಳೀತು.

ಒಂದು ಸಣ್ಣ ಕೆಲಸ ನಾವೇ ಮಾಡಬಹುದು. ಬೋರ್‌ವೆಲ್ ಕೊರೆಯೋರು ಗಟ್ಟಿ ಬಂಡೆ ಸಿಗೋವರೆಗೆ ಮಣ್ಣು ಕುಸಿಯದ ಹಾಗೆ ಕೇಸಿಂಗ್ ಪೈಪ್ ಇಳಿಸ್ತಾರೆ, ಅದಕ್ಕೆ ಅಡಿ ಲೆಕ್ಕದಲ್ಲಿ ಬೇರೆಯೇ ದುಡ್ಡು. ಅಂದರೆ ಪ್ರತಿ ಬೋರ್‌ವೆಲ್ ಬಿಲ್ಲಿನಲ್ಲೂ ನಿಮ್ಮ ಮನೆ ಕೆಳಗಿನ ಮಣ್ಣಿನ ದಪ್ಪ ಹೆಚ್ಚುಕಮ್ಮಿ ಬರೆದಿರುತ್ತೆ. ಕೊಳೆತ ಬಂಡೆಯೂ ಅದರಲ್ಲಿ ಸೇರಿರೋದರಿಂದ ಮಣ್ಣುಪರೀಕ್ಷೆಯ ಸಮ ಅಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ಮೇಲು. ನಮ್ಮ ಓನರ್ ಬಿಲ್ ಹುಡುಕಿ ಕೊಟ್ಟರು: ಕೇಸಿಂಗ್ 80 ಅಡಿ. “ಯಾಕಪ್ಪಾ, ನೀರಿನ ಪ್ರಾಜೆಕ್ಟಾ?” ಅಂತ ಕೇಳಿದರು. ಹೌದು ಅಂದುಬಿಟ್ಟೆ, ಬಾಡಿಗೆಗಿರೋನು ಇನ್ನೇನು ಹೇಳಲಿ.

ಜಯನಗರ, ಜೆಪಿ ನಗರ, ಬನಶಂಕರಿ, ಬಿಟಿಎಂನಲ್ಲಿರೋರು ನಿಮ್ಮ ಮನೆ ಅಥವಾ ಪೀಜಿಯ ಕೇಸಿಂಗ್ ಎಷ್ಟು ಅಡಿ, ಕೆಳಗೆ ಗೋಡೆ ಇದೆಯಾ ಬರೀ ಕಂಬವಾ, ಒಟ್ಟು ಎಷ್ಟು ಅಂತಸ್ತು, ಈ ಮೂರನ್ನು ಮಾತ್ರ ಕ್ಲಬ್‌ಗೆ ಬರೆದು ಕಳಿಸಿ. ಮನೆ ನಂಬರ್ ಬೇಡ, ಅಡ್ಡರಸ್ತೆ ಸಾಕು. ನೂರು ಬಂದರೆ ಮುಂದಿನ ಸಂಚಿಕೆಗೆ ನಕ್ಷೆ ನಾನು ಬಿಡಿಸ್ತೀನಿ.