ಎರಡು ಲಕ್ಷದ ಗ್ರಾಫಿಕ್ಸ್ ಕಾರ್ಡು: ಗುಣದೋಷ ವಿಚಾರ

ಹಸುವನ್ನು ಕೊಳ್ಳುವಾಗ ಅದರ ಕೊಂಬಿನ ಅಂದಕ್ಕೆ ಮರುಳಾಗಿ ಯಾವ ಗೃಹಸ್ಥನೂ ಹಣವನ್ನು ಎಣಿಸುವುದಿಲ್ಲ. ಹಾಲೆಷ್ಟು, ಮೇವೆಷ್ಟು ಎಂಬೆರಡನ್ನೂ ವಿಚಾರಿಸಿದ ಮೇಲೆಯೇ ಹಗ್ಗಕ್ಕೆ ಕೈಯಿಡುತ್ತಾನೆ. ಕಂಪ್ಯೂಟರಿನ ಸಾಮಗ್ರಿಗಳ ವಿಷಯದಲ್ಲಾದರೋ ಈ ವಿವೇಕವು ನಮ್ಮನ್ನು ಬಿಟ್ಟುಹೋಗುವುದುಂಟು. ಮಕ್ಕಳು ಹೆಸರನ್ನು ಹೇಳುತ್ತಾರೆ, ಹಿರಿಯರು ಬೆಲೆಯನ್ನು ಕೇಳಿ ಬೆರಗಾಗುತ್ತಾರೆ. ನಡುವೆ ವಿಚಾರವೆಂಬುದು ನಡೆಯುವುದೇ ಇಲ್ಲ. ಆದಕಾರಣ, ಎನ್‌ವಿಡಿಯಾ ಕಂಪನಿಯವರು 2025ನೆಯ ಜನವರಿ 30ರಂದು ಮಾರಾಟಕ್ಕೆ ತಂದ ಜೀಫೋರ್ಸ್ ಆರ್‌ಟಿಎಕ್ಸ್ 5090 ಎಂಬ ಗ್ರಾಫಿಕ್ಸ್ ಕಾರ್ಡಿನ ಗುಣದೋಷಗಳನ್ನು ವಾಚಕರ ಮುಂದಿಡಲು ಉದ್ದೇಶಿಸಿದ್ದೇವೆ. ಇದಕ್ಕೆ ಅಮೆರಿಕದಲ್ಲಿ ಘೋಷಿತವಾದ ಆರಂಭದ ಬೆಲೆ 1,999 ಡಾಲರು. ಭಾರತದಲ್ಲಿ 2,14,000 ರೂಪಾಯಿ.

ಮೊದಲು ಈ ವಸ್ತುವಿನ ಲಕ್ಷಣವನ್ನು ತಿಳಿಯೋಣ. ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಒಬ್ಬ ಪಂಡಿತನಂತೆ. ಎಷ್ಟೇ ತೊಡಕಾದ ಸಮಸ್ಯೆಯನ್ನಾದರೂ ಕ್ರಮವಾಗಿ ಬಿಡಿಸಬಲ್ಲುದು. ಗ್ರಾಫಿಕ್ಸ್ ಕಾರ್ಡಾದರೋ ಸಾವಿರಾರು ಹುಡುಗರು ಒಟ್ಟಿಗೆ ಕುಳಿತ ಶಾಲೆಯಂತೆ. ಒಬ್ಬೊಬ್ಬನಿಗೆ ಒಂದೊಂದು ಸಣ್ಣ ಲೆಕ್ಕ, ಎಲ್ಲರೂ ಏಕಕಾಲದಲ್ಲಿ ಮಾಡುತ್ತಾರೆ. 4ಕೆ ಎಂದು ಕರೆಯಲ್ಪಡುವ ಪರದೆಯಲ್ಲಿ 82,94,400 ಚುಕ್ಕೆಗಳಿರುತ್ತವೆ. ಚಿತ್ರವು ಸೆಕೆಂಡಿಗೆ 60 ಸಲ ಬದಲಾಗಬೇಕಾದರೆ ಸುಮಾರು 50 ಕೋಟಿ ಚುಕ್ಕೆಗಳ ಬಣ್ಣವನ್ನು ಒಂದೇ ಸೆಕೆಂಡಿನಲ್ಲಿ ನಿರ್ಣಯಿಸಬೇಕು. ಇದು ಒಬ್ಬ ಪಂಡಿತನಿಂದ ಆಗತಕ್ಕ ಕೆಲಸವಲ್ಲ. ಈ ಕಾರ್ಡಿನಲ್ಲಿ ಅಂಥ ಲೆಕ್ಕಿಗರು 21,760. ಅವರು ಬರೆದು ಅಳಿಸುವ ಹಲಗೆಯೆನ್ನಬಹುದಾದ ಮೆಮೊರಿಯು 32 ಜಿಬಿ.

ಇನ್ನು ಹಿಂದಿನದಕ್ಕಿಂತ ಇದು ಎಷ್ಟು ಮೇಲು? 2022ನೆಯ ಅಕ್ಟೋಬರಿನಲ್ಲಿ ಬಂದ 4090ರಲ್ಲಿ ಲೆಕ್ಕಿಗರು 16,384, ಮೆಮೊರಿ 24 ಜಿಬಿ, ವಿದ್ಯುತ್ತು 450 ವಾಟು, ಬೆಲೆ 1,599 ಡಾಲರು. ಹೊಸದರಲ್ಲಿ ಲೆಕ್ಕಿಗರೂ ಮೆಮೊರಿಯೂ ಮೂರನೆಯ ಒಂದು ಪಾಲಿನಷ್ಟು ಹೆಚ್ಚಿವೆ. ವಿದ್ಯುತ್ತು 575 ವಾಟಿಗೇರಿದೆ. ಬೆಲೆ ಕಾಲುಭಾಗ ಏರಿದೆ. 4ಕೆ ಪರದೆಯಲ್ಲಿ ಆಟಗಳ ವೇಗವೂ ಸುಮಾರಾಗಿ ಅದೇ ಪ್ರಮಾಣದಲ್ಲಿ ಹೆಚ್ಚಿದೆ. ಮೆಮೊರಿಯ ಓಟವು ಮಾತ್ರ ಸೆಕೆಂಡಿಗೆ 1,008 ಜಿಬಿಯಿಂದ 1,792 ಜಿಬಿಗೆ ನೆಗೆದಿರುವುದು ನಿಜವಾದ ಮುನ್ನಡೆಯೇ ಸರಿ. ಉಳಿದಂತೆ ಹೆಚ್ಚು ಮೇವು ಹಾಕಿ ಹೆಚ್ಚು ಹಾಲು ಕರೆದಂತಾಯಿತೇ ಹೊರತು ಬೇರೆ ಚಮತ್ಕಾರವಿಲ್ಲ.

ಚಮತ್ಕಾರವೆಂದು ಸಾರಲ್ಪಡುವುದು ಬೇರೊಂದುಂಟು. ಕಾರ್ಡು ನಿಜವಾಗಿ ರಚಿಸಿದ ಒಂದೊಂದು ಚಿತ್ರಕ್ಕೆ ಹಲವು ಊಹೆಯ ಚಿತ್ರಗಳನ್ನು ಸೇರಿಸಿ, ನೋಟವನ್ನು ನುಣುಪಾಗಿಸುವ ಯುಕ್ತಿಯಿದು. ಕಣ್ಣಿಗೆ ಹಿತವೇ. ಆದರೆ ಆಟಗಾರನು ಗುಂಡಿಯನ್ನೊತ್ತಿದಾಗ ಉತ್ತರ ಕೊಡುವುದು ನಿಜವಾದ ಚಿತ್ರವೇ; ಊಹೆಯ ಚಿತ್ರಗಳಿಂದ ಆ ಉತ್ತರವು ಬೇಗ ಬರುವುದಿಲ್ಲ, ಬದಲಾಗಿ ಕಿಂಚಿತ್ ತಡವೇ ಆಗುತ್ತದೆ. 2025ನೆಯ ಜನವರಿಯಲ್ಲಿ ಲಾಸ್ ವೇಗಾಸಿನ ವೇದಿಕೆಯಿಂದ, 549 ಡಾಲರಿನ 5070 ಕಾರ್ಡು 4090ಕ್ಕೆ ಸಮವೆಂದು ಕಂಪನಿಯ ಮುಖ್ಯಸ್ಥರಾದ ಜೆನ್ಸೆನ್ ಹ್ವಾಂಗರು ಸಾರಿದರಷ್ಟೆ. ಆ ಸಾಮ್ಯವು ನಿಂತಿದ್ದುದು ಈ ಊಹೆಯ ಚಿತ್ರಗಳನ್ನೂ ಎಣಿಕೆಗೆ ಹಿಡಿದುದರ ಮೇಲೆ. ಜಾಹೀರಾತಿನ ಅಂಕಿಗಳನ್ನು ನೋಡುವಾಗ ವಾಚಕರು ಇದನ್ನು ಮರೆಯಬಾರದು.

ಅನ್ನ ಬೆಂದಿದೆಯೇ ಎಂದು ಅರಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂಬ ಸ್ಥಾಲೀಪುಲಾಕ ನ್ಯಾಯವು ಇಲ್ಲಿ ಸಲ್ಲದು. ಆಟದಲ್ಲಿ ಅತಿಯೆನಿಸಿದ್ದು ವೃತ್ತಿಯಲ್ಲಿ ಮಿತವೆನಿಸಬಹುದು. ನಮ್ಮ ಪೂರ್ವವಿದ್ಯಾರ್ಥಿಯೊಬ್ಬನು ಇನ್ನೂ ಕಟ್ಟದ ಮನೆಗಳನ್ನು ಕಟ್ಟಿದಂತೆಯೇ ಚಿತ್ರಿಸಿಕೊಡುವ ವೃತ್ತಿಯವನು. “ಮೇಷ್ಟ್ರೇ, ಮೊದಲು ಗಿರಾಕಿಗಳಿಗೆ ನಾಳೆ ಬನ್ನಿ ಎನ್ನುತ್ತಿದ್ದೆ, ಈಗ ಅವರು ಎದುರಿಗೆ ಕುಳಿತಿರುವಾಗಲೇ ಗೋಡೆಯ ಬಣ್ಣ ಬದಲಿಸಿ ತೋರಿಸುತ್ತೇನೆ” ಎಂದನು. ಬ್ಲೆಂಡರಿನಂಥ ತಂತ್ರಾಂಶದಲ್ಲಿ ದೊಡ್ಡ ದೃಶ್ಯವೊಂದು ಕಾರ್ಡಿನ ಮೆಮೊರಿಯಲ್ಲಿ ಪೂರ್ತಿಯಾಗಿ ಹಿಡಿಸಿದರೆ ಕೆಲಸ ಓಡುತ್ತದೆ, ಹಿಡಿಸದಿದ್ದರೆ ಕುಂಟುತ್ತದೆ ಅಥವಾ ನಿಂತೇಹೋಗುತ್ತದೆ. 32 ಜಿಬಿಯ ಬೆಲೆ ತಿಳಿಯುವುದು ಅಲ್ಲಿ. ವಿಡಿಯೋ ಸಂಕಲನ ಮಾಡುವವರಿಗೆ, ಉತ್ತಮ ಕ್ಯಾಮೆರಾಗಳ 4:2:2 ಬಗೆಯ ಚಿತ್ರಗಳನ್ನು ಕಾರ್ಡೇ ನೇರವಾಗಿ ಬಿಡಿಸಬಲ್ಲುದಾದುದು ಇನ್ನೊಂದು ಅನುಕೂಲ.

ಮೇವಿನ ಲೆಕ್ಕವನ್ನೂ ನೋಡೋಣ. ಪೂರ್ಣ ಶ್ರಮದಲ್ಲಿ ದಿನಕ್ಕೆ ನಾಲ್ಕು ಗಂಟೆ ದುಡಿದರೆ ಈ ಕಾರ್ಡೊಂದೇ 2.3 ಯೂನಿಟ್ಟನ್ನು ತಿನ್ನುತ್ತದೆ; ತಿಂಗಳಿಗೆ 69 ಯೂನಿಟ್ಟು. 1,000 ವಾಟಿನ ಪವರ್ ಸಪ್ಲೈ ಬೇಕು. ತಿಂದ ವಿದ್ಯುತ್ತೆಲ್ಲವೂ ಕೊನೆಗೆ ಶಾಖವೇ ಆಗುವುದರಿಂದ ವೈಶಾಖದಲ್ಲಿ ಕೋಣೆಯ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಕಾರ್ಡು ಸುಮಾರು ಒಂದಡಿ ಉದ್ದವಿದ್ದು, ಕೆಲವು ತಯಾರಕರದು ಇನ್ನೂ ಹಿರಿದು. ಪೆಟ್ಟಿಗೆಯನ್ನು ಅಳೆಯದೆ ಕೊಳ್ಳಬಾರದು. 4090ರಲ್ಲಿಯೂ ಇದರಲ್ಲಿಯೂ ವಿದ್ಯುತ್ ಜೋಡಣೆಯ ತುದಿ ಕರಗಿದ ಪ್ರಸಂಗಗಳು ವರದಿಯಾಗಿವೆ. ಆದುದರಿಂದ ಅದನ್ನು ಕಡೆಯವರೆಗೂ ಒತ್ತಿ ಕೂಡಿಸಿ, ಬುಡದಲ್ಲಿ ತಂತಿಯನ್ನು ಬಗ್ಗಿಸದಿರತಕ್ಕದ್ದು.

ನಮಗೆ ಪರಿಚಿತರಾದ ಗೃಹಸ್ಥರೊಬ್ಬರು ಮಗಳ ಕಾಲೇಜಿಗೆಂದು ಇಟ್ಟಿದ್ದ ಠೇವಣಿಯನ್ನು ಮುರಿದು ಮಗನಿಗೆ ಇದನ್ನು ಕೊಡಿಸಬಹುದೇ ಎಂದು ಕೇಳಿದರು. ಹುಡುಗನಿಗೆ ಆಟವೂ ಬೇಕು, ಅನಿಮೇಷನ್ನೂ ಕಲಿಯಬೇಕು. ಅವನ ಪರದೆ ಯಾವುದೆಂದು ವಿಚಾರಿಸಿದೆವು: 1920ಕ್ಕೆ 1080. ಅದರ ಚುಕ್ಕೆಗಳೆಷ್ಟೆಂದು ಅವನಿಂದಲೇ ಗುಣಿಸಿಸಿದೆವು: 20,73,600; 4ಕೆಯ ಸರಿಯಾಗಿ ಕಾಲುಭಾಗ. ಅಂಥ ಪರದೆಯ ಮುಂದೆ ಈ ಕಾರ್ಡು ಬಹುಪಾಲು ಕೆಲಸವಿಲ್ಲದೆ ಪ್ರೊಸೆಸರಿನ ದಾರಿ ಕಾಯುತ್ತ ಕುಳಿತಿರುತ್ತದೆ. ಬ್ಲೆಂಡರಾದರೋ ಉಚಿತವಾಗಿ ದೊರೆಯುವುದು. ಕಲಿಯುವವನಿಗೆ ಸಾಧಾರಣ ಕಾರ್ಡೇ ಧಾರಾಳ. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಕ್ಕನ ದುಡ್ಡು ಬೇಡ” ಎಂದನು.

ನಮ್ಮ ನಿರ್ಣಯವಿಷ್ಟು. ಈ ಕಾರ್ಡಿನಿಂದ ದಿನವೂ ಸಂಪಾದಿಸುವವರು, ಉಳಿಯುವ ಗಂಟೆಗಳಿಗೆ ಬೆಲೆ ಕಟ್ಟಿ, ಅದು ಎಷ್ಟು ತಿಂಗಳಲ್ಲಿ ತನ್ನ ಋಣವನ್ನು ತೀರಿಸುವುದೆಂದು ಕಾಗದದ ಮೇಲೆ ಬರೆದು ನೋಡಿ ಕೊಳ್ಳಲಿ. 4ಕೆ ಪರದೆಯೂ ಮಿಗಿಲಾದ ಹಣವೂ ಉಳ್ಳ ವಿನೋದಪ್ರಿಯರು ಕೊಂಡರೆ ಆಕ್ಷೇಪವಿಲ್ಲ. ಕಲಿಯುವ ಮಕ್ಕಳಿಗೆ ಇದು ಅವಶ್ಯವಲ್ಲ. ಅವರಿಗೆ ಮೊದಲು ಬೇಕಾದುದು ಅಭ್ಯಾಸ, ಅನಂತರ ಒಳ್ಳೆಯ ಪರದೆ, ಕಾರ್ಡು ಆಮೇಲೆ.