ಕೋಡ್ ಬದಲಾದರೆ ತಾನೇ ಓಡುವ ಪೈಪ್‌ಲೈನ್: ಇಚಲಕರಂಜಿಯ ಮಗ್ಗ ಕಲಿಸುವ ಪಾಠ

ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ಈಗ ಆ ಊರನ್ನು 'ಮಹಾರಾಷ್ಟ್ರದ ಮ್ಯಾಂಚೆಸ್ಟರ್' ಅಂತಲೇ ಕರೆಯುತ್ತಾರೆ. ಪವರ್‌ಲೂಮ್ ಓಡುವಾಗ ಹೊಕ್ಕಿನ ನೂಲು ತುಂಡಾದರೆ ಮಗ್ಗ ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ ಗಜಗಟ್ಟಲೆ ಬಟ್ಟೆ ಹಾಳು. ಜಪಾನಿನ ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವೂ ಎಳೆ ತುಂಡಾದರೆ ನಿಲ್ಲುತ್ತಿತ್ತು. ಟೊಯೋಟಾ ಕಾರು ಕಾರ್ಖಾನೆಗಳು ಪಾಲಿಸುವ ನಿಯಮದ ಮೂಲ ಅಲ್ಲಿದೆ.

ಸಾಫ್ಟ್‌ವೇರ್‌ನಲ್ಲಿ ಇದೇ ಕೆಲಸವನ್ನು ಮಾಡುವುದು 'ಕಂಟಿನ್ಯೂಯಸ್ ಇಂಟಿಗ್ರೇಷನ್', ಅಂದರೆ ಸಿಐ. ಪ್ರೋಗ್ರಾಮರ್ ಕೋಡ್ ಬದಲಿಸಿ ಗಿಟ್‌ಗೆ ಪುಶ್ ಮಾಡಿದರೆ ಸಾಕು. ಬಿಲ್ಡ್, ಟೆಸ್ಟ್ ಎಲ್ಲವೂ ಯಾರೂ ಬಟನ್ ಒತ್ತದೆ ಶುರುವಾಗುತ್ತವೆ.

ಕೋಡ್ ಬದಲಾದದ್ದು ಸರ್ವರ್‌ಗೆ ಗೊತ್ತಾಗುವುದು ಹೇಗೆ? ಇದಕ್ಕೆ ಎರಡು ದಾರಿ. ಒಂದು ಪೋಲಿಂಗ್: ಜೆಂಕಿನ್ಸ್‌ನಂಥ ಸರ್ವರ್ ಐದೈದು ನಿಮಿಷಕ್ಕೊಮ್ಮೆ "ಹೊಸದೇನಾದರೂ ಬಂತಾ?" ಅಂತ ಕೇಳುತ್ತಾ ಇರುತ್ತದೆ. ಇನ್ನೊಂದು ವೆಬ್‌ಹುಕ್: ಪುಶ್ ಆದ ಕೂಡಲೇ ಗಿಟ್‌ಹಬ್ ತಾನೇ ಸುದ್ದಿ ಮುಟ್ಟಿಸುತ್ತದೆ. ವೆಬ್‌ಹುಕ್ ವೇಗ ಹೆಚ್ಚು, ವ್ಯರ್ಥ ಕೆಲಸ ಕಡಿಮೆ. ಆದರೆ ಜೆಂಕಿನ್ಸ್ ಮನೆಯ ಲ್ಯಾಪ್‌ಟಾಪ್‌ನಲ್ಲಿದ್ದರೆ ಹೊರಗಿನ ಗಿಟ್‌ಹಬ್‌ಗೆ ಅದರ ವಿಳಾಸವೇ ಸಿಗದು. "ವೆಬ್‌ಹುಕ್ ಹಾಕಿದ್ದೇನೆ, ಏನೂ ಆಗ್ತಿಲ್ಲ" ಎಂದು ಹೊಸಬರು ತಲೆ ಕೆಡಿಸಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಅಂಥ ಕಡೆ ಪೋಲಿಂಗೇ ಸರಿ.

ಗಿಟ್‌ಹಬ್ ಆಕ್ಷನ್ಸ್ ಬಳಸಿದರೆ ಸ್ವಂತ ಸರ್ವರೂ ಬೇಡ. ಸಾರ್ವಜನಿಕ ಪ್ರಾಜೆಕ್ಟ್‌ಗಳಿಗೆ ಉಚಿತ. ಖಾಸಗಿಯಾದರೆ ಉಚಿತ ಖಾತೆಗೆ ತಿಂಗಳಿಗೆ 2,000 ನಿಮಿಷ. ಗಡಹಿಂಗ್ಲಜದ ವಿದ್ಯಾರ್ಥಿಯಾಗಲಿ, ದೇರಳಕಟ್ಟೆಯವನಾಗಲಿ, ಕಲಿಯಲು ಬೆಂಗಳೂರಿಗೆ ಹೋಗಬೇಕಿಲ್ಲ.

ಆದರೆ ಅನೇಕರು ಪೈಪ್‌ಲೈನ್ ಓಡುವಂತೆ ಮಾಡಿ ಅಲ್ಲಿಗೇ ಬಿಡುತ್ತಾರೆ, ಟೆಸ್ಟ್ ಬರೆಯುವುದಿಲ್ಲ. ಅದು ಎಳೆ ತುಂಡಾದರೂ ನಿಲ್ಲದ ಮಗ್ಗ! ನೂಲಿನ ಅಂಗಡಿಗೆ ಬಿಲ್ಲಿಂಗ್ ಆ್ಯಪ್ ಮಾಡಿದ್ದೀರಿ ಎಂದುಕೊಳ್ಳಿ. ಕಿಲೋಗೆ 200 ರೂ.ನಂತೆ 10 ಕಿಲೋ ನೂಲಿಗೆ ತೆರಿಗೆಗೆ ಮೊದಲು 2,000 ರೂ. ಬರಲೇಬೇಕು ಎಂಬ ಒಂದೇ ಟೆಸ್ಟ್ ಇರಲಿ. ರಾತ್ರಿ ಯಾರೋ ಅವಸರದಲ್ಲಿ ಕೋಡ್ ತಿದ್ದಿ ಅದು 20,000 ಆದರೆ, ಪೈಪ್‌ಲೈನ್ ಕೆಂಪು ಗುರುತು ತೋರಿಸಿ ಅಲ್ಲೇ ನಿಲ್ಲುತ್ತದೆ. ಬೆಳಗ್ಗೆ ಅಂಗಡಿಯಲ್ಲಿ ಹಳೆಯ, ಸರಿಯಾದ ಆ್ಯಪೇ ಓಡುತ್ತಿರುತ್ತದೆ.